ವಸಿಯ್ಯತ್: ಮನೆಯವರಿಗಾಗಿ ಬರೆದಿಡಬೇಕಾದ ಒಂದು ಕಾಗದ



ವರ್ಷದ ಜಮಾ-ಖರ್ಚಿನ ಲೆಕ್ಕದ ಜೊತೆಯಲ್ಲಿ ವಸಿಯ್ಯತ್ ಬಗ್ಗೆ ಲೇಖನ ಏಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣ ಇದೆ. ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ತಂದೆಯ ಹೆಸರಿನ ಹಿಂದೆ ‘ಮರ್ಹೂಮ್’ ಎಂದು ಬರೆದಿರುವ ಅರ್ಜಿಗಳೂ ಇರುತ್ತವೆ. ಆ ಮಕ್ಕಳೆಲ್ಲರೂ ಹುಟ್ಟಿನಿಂದಲೇ ಬಡವರು ಎಂದು ತಿಳಿಯಬಾರದು. ಮನೆಯಲ್ಲಿ ದುಡಿಯುವ ಕೈ ಇದ್ದಾಗ ಎಲ್ಲವೂ ಸರಿಯಾಗಿಯೇ ನಡೆಯುತ್ತಿರುತ್ತದೆ. ಆ ಕೈ ನಿಂತ ಮೇಲೆ ಅಂಗಡಿ ಯಾರದು, ಮನೆಯ ಮೇಲಿನ ಮಾಳಿಗೆ ಯಾರ ಹಣದ್ದು, ಯಾರಿಗೆ ಎಷ್ಟು ಸಾಲ ಕೊಡಬೇಕು, ಮಕ್ಕಳ ಪಾಲನ್ನು ಯಾರು ನೋಡಿಕೊಳ್ಳಬೇಕು ಎಂದು ಹೇಳುವ ಒಂದು ಕಾಗದವೂ ಸಿಗುವುದಿಲ್ಲ. ಬಡತನ ಅಲ್ಲಿಂದ ಶುರುವಾಗುತ್ತದೆ. ದಾನಿಗಳ ಹಣದಿಂದ ಒಂದು ವರ್ಷದ ಶುಲ್ಕ ಕಟ್ಟಬಹುದು; ಮನೆಯ ಯಜಮಾನ ಬರೆದಿಡುವ ಒಂದು ಕಾಗದ ಹಲವು ವರ್ಷ ಆ ಮನೆಯನ್ನು ಕಾಪಾಡಬಲ್ಲದು.

ಈ ಮಾತು ತೆಗೆದಾಗಲೆಲ್ಲ ಕೇಳಿಬರುವ ಉತ್ತರ ಒಂದೇ: “ಯಾರಿಗೆ ಎಷ್ಟು ಪಾಲು ಎಂದು ಅಲ್ಲಾಹನೇ ನಿಗದಿ ಮಾಡಿದ್ದಾನೆ. ಮತ್ತೆ ನಾವು ಬರೆಯುವುದು ಏನಿದೆ?” ಇದು ಅರ್ಧ ಸರಿ. ಮಕ್ಕಳಿಗೆ, ಪತ್ನಿಗೆ, ತಂದೆ-ತಾಯಿಗೆ ಸಿಗಬೇಕಾದ ಪಾಲನ್ನು ನಾವು ಹೆಚ್ಚು-ಕಡಿಮೆ ಮಾಡುವಂತಿಲ್ಲ. ಆದರೆ ಆ ಪಾಲುಗಳು ತಲುಪದ ಜಾಗಗಳೂ ಇವೆ. ಬಾಯಿಮಾತಿನ ಸಾಲ ಯಾರಿಗೂ ಗೊತ್ತಿರುವುದಿಲ್ಲ. ಚಿಕ್ಕ ಮಕ್ಕಳ ಆಸ್ತಿಗೆ ಜವಾಬ್ದಾರರು ಯಾರೆಂದು ಗೊತ್ತಿರುವುದಿಲ್ಲ. ನಮ್ಮನ್ನೇ ನಂಬಿಕೊಂಡಿದ್ದು, ಶರೀಅತ್ ಪ್ರಕಾರ ಪಾಲು ಬಾರದ ಸಂಬಂಧಿಕರು ಇರುತ್ತಾರೆ. ವಸಿಯ್ಯತ್ ಇರುವುದು ಮುಖ್ಯವಾಗಿ ಈ ಮೂರು ಜಾಗಗಳನ್ನು ತುಂಬುವುದಕ್ಕೆ.

ಮೊದಲು ಕ್ರಮ ತಿಳಿಯೋಣ

ಒಬ್ಬ ವ್ಯಕ್ತಿ ತೀರಿಕೊಂಡಾಗ ಅವರು ಬಿಟ್ಟುಹೋದ ಆಸ್ತಿಯಿಂದ ನಾಲ್ಕು ಕೆಲಸಗಳು ಇದೇ ಕ್ರಮದಲ್ಲಿ ಆಗಬೇಕು.

1. ಕಫನ್-ದಫನ್‌ನ ನ್ಯಾಯವಾದ ಖರ್ಚು.
2. ಸಾಲಗಳ ತೀರುವಳಿ. ಪತ್ನಿಗೆ ಕೊಡಲು ಬಾಕಿಯಿರುವ ಮಹರ್ ಕೂಡ ಸಾಲವೇ.
3. ಉಳಿದುದರ ಮೂರನೇ ಒಂದು ಭಾಗ ಮೀರದಂತೆ ವಸಿಯ್ಯತ್ ಜಾರಿ.
4. ಆಮೇಲೆ ಉಳಿದದ್ದನ್ನು ವಾರಸುದಾರರಿಗೆ ಅವರವರ ಪಾಲಿನಂತೆ ಹಂಚುವುದು.

ಪವಿತ್ರ ಕುರ್‌ಆನಿನ ಸೂರಃ ಅನ್ನಿಸಾದ 11 ಮತ್ತು 12ನೇ ವಚನಗಳಲ್ಲಿ ಪಾಲುಗಳ ವಿವರ ಇದೆ. ಹಂಚಿಕೆಯು ವಸಿಯ್ಯತ್ ಮತ್ತು ಸಾಲದ ನಂತರವೇ ಆಗಬೇಕೆಂದು ಅದೇ ವಚನಗಳು ಮತ್ತೆ ಮತ್ತೆ ನೆನಪಿಸುತ್ತವೆ. ವಸಿಯ್ಯತ್ ಮಾಡುವಾಗ ಯಾರಿಗೂ ಹಾನಿಯಾಗಬಾರದು ಎಂಬ ಎಚ್ಚರಿಕೆಯೂ ಅಲ್ಲಿದೆ. ವಸಿಯ್ಯತ್ ಮಾಡಬೇಕಾದ ಏನಾದರೂ ಇರುವ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯುವುದು ತಕ್ಕುದಲ್ಲ ಎಂಬ ಅರ್ಥದ ಹದೀಸ್ ಇಬ್ನ್ ಉಮರ್(ರ)ರಿಂದ ವರದಿಯಾಗಿದೆ. ಅಂದರೆ ಇದು ಮುದುಕರಾದ ಮೇಲೆ ನೋಡಿಕೊಳ್ಳುವ ಕೆಲಸವಲ್ಲ.

ಎರಡು ಮಿತಿಗಳು

ಮೊದಲ ಮಿತಿ ಮೂರನೇ ಒಂದು ಭಾಗ. ಸಅದ್ ಬಿನ್ ಅಬೀ ವಖ್ಖಾಸ್(ರ) ಕಾಯಿಲೆ ಬಿದ್ದಾಗ ತಮ್ಮ ಆಸ್ತಿಯ ಹೆಚ್ಚಿನ ಭಾಗವನ್ನು ದಾನಕ್ಕೆ ಬರೆಯಲು ಬಯಸಿದರು. ಪ್ರವಾದಿ ಮುಹಮ್ಮದ್(ಸ) ಮೂರನೇ ಎರಡಕ್ಕೂ ಅರ್ಧಕ್ಕೂ ಒಪ್ಪಲಿಲ್ಲ. ಮೂರನೇ ಒಂದಕ್ಕೆ ಅನುಮತಿ ಕೊಟ್ಟು, ಅದೂ ಹೆಚ್ಚೇ ಎಂದರು. ವಾರಸುದಾರರು ಜನರ ಮುಂದೆ ಕೈಚಾಚುವಂತೆ ಬಿಟ್ಟುಹೋಗುವುದಕ್ಕಿಂತ ಅನುಕೂಲಸ್ಥರಾಗಿ ಬಿಟ್ಟುಹೋಗುವುದು ಮೇಲು ಎಂಬುದು ಅವರು ಕೊಟ್ಟ ಕಾರಣ.

ಎರಡನೇ ಮಿತಿ: ಪಾಲು ಪಡೆಯುವ ವಾರಸುದಾರರಿಗೆ ವಸಿಯ್ಯತ್ ಇಲ್ಲ. “ಮನೆ ಹಿರಿಮಗನಿಗೆ, ಅಂಗಡಿ ಕಿರಿಮಗನಿಗೆ” ಎಂದೋ “ಎಲ್ಲವೂ ನನ್ನ ಪತ್ನಿಗೆ” ಎಂದೋ ಬರೆದರೆ ಅದು ತಾನಾಗಿ ಜಾರಿಯಾಗದು. ಉಳಿದ ವಾರಸುದಾರರು ಒಪ್ಪಿದರೆ ಮಾತ್ರ ನಡೆಯುತ್ತದೆ. ಆ ಒಪ್ಪಿಗೆಯೂ ಬರೆದವರ ಮರಣದ ನಂತರ ಕೊಟ್ಟದ್ದಾಗಿರಬೇಕು. ತಂದೆಯ ಎದುರು ಕುಳಿತು ಹೆಣ್ಣುಮಕ್ಕಳು “ಆಗಲಿ” ಎಂದರೆ ಸಾಲದು. ಒಬ್ಬರು ಒಪ್ಪಿ ಇನ್ನೊಬ್ಬರು ಒಪ್ಪದಿದ್ದರೆ, ಒಪ್ಪಿದವರ ಪಾಲಿನ ಮಟ್ಟಿಗೆ ಮಾತ್ರ ಅದು ನಡೆಯುತ್ತದೆ. ಮೂರನೇ ಒಂದು ಭಾಗವನ್ನು ಮೀರಿ ಬರೆದಿದ್ದರೂ ಇದೇ ನಿಯಮ.

ಕಾಗದವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಮಾತ್ರಕ್ಕೆ ಈ ಮಿತಿಗಳು ಹೋಗುವುದಿಲ್ಲ. ನೋಂದಣಿಯಿಂದ ಕಾಗದ ಅಸಲಿ ಎನ್ನುವುದಕ್ಕೆ ಬಲ ಬರುತ್ತದೆ, ಅಷ್ಟೇ.

ಪಾಲಿಲ್ಲದವರು: ಒಂದು ಲೆಕ್ಕ

ವಸಿಯ್ಯತ್‌ನ ಬೆಲೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಯತೀಮ್ ಮೊಮ್ಮಕ್ಕಳ ವಿಚಾರದಲ್ಲಿ. ತಂದೆ ಬದುಕಿರುವಾಗಲೇ ಒಬ್ಬ ಮಗ ತೀರಿಕೊಂಡನೆಂದು ಇಟ್ಟುಕೊಳ್ಳಿ. ಆ ಮಗನ ಪತ್ನಿ ಮತ್ತು ಇಬ್ಬರು ಚಿಕ್ಕ ಮಕ್ಕಳು ಅದೇ ಮನೆಯಲ್ಲಿ ಇದ್ದಾರೆ. ಆಮೇಲೆ ಅಜ್ಜನೂ ತೀರಿಕೊಂಡರು. ಅಜ್ಜನಿಗೆ ಬೇರೊಬ್ಬ ಗಂಡುಮಗ ಬದುಕಿದ್ದರೆ, ಸುನ್ನಿ ವಾರಸು ನಿಯಮದಂತೆ ಆ ಮೊಮ್ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ಪಾಲು ಬರುವುದಿಲ್ಲ. ವಿಧವೆ ಸೊಸೆಯಂತೂ ಮಾವನ ವಾರಸುದಾರಳೇ ಅಲ್ಲ.

ಅಂಕಿಗಳಲ್ಲಿ ನೋಡೋಣ. ಅಜ್ಜ ಬಿಟ್ಟುಹೋದ ಮನೆ, ಅಂಗಡಿಯ ಸರಕು, ಬ್ಯಾಂಕಿನ ಹಣ ಸೇರಿ 27 ಲಕ್ಷ ರೂಪಾಯಿ. ಕಫನ್-ದಫನ್ ಖರ್ಚು 20 ಸಾವಿರ, ಅಂಗಡಿಯ ಸಾಲ 1 ಲಕ್ಷ 80 ಸಾವಿರ, ಪತ್ನಿಯ ಮಹರ್ ಬಾಕಿ 1 ಲಕ್ಷ. ಒಟ್ಟು 3 ಲಕ್ಷ ಕಳೆದರೆ ಉಳಿಯುವುದು 24 ಲಕ್ಷ. ವಾರಸುದಾರರು ಪತ್ನಿ, ಒಬ್ಬ ಮಗ, ಒಬ್ಬಳು ಮಗಳು. ಅಜ್ಜನ ತಂದೆ-ತಾಯಿ ಈಗಿಲ್ಲ.

ವಸಿಯ್ಯತ್ ಇಲ್ಲದಿದ್ದರೆ ಪತ್ನಿಗೆ ಎಂಟನೇ ಒಂದು ಭಾಗ, ಅಂದರೆ 3 ಲಕ್ಷ. ಉಳಿದ 21 ಲಕ್ಷದಲ್ಲಿ ಮಗನಿಗೆ 14, ಮಗಳಿಗೆ 7 ಲಕ್ಷ. ಮೊಮ್ಮಕ್ಕಳಿಗೆ ಏನೂ ಇಲ್ಲ.

“ನನ್ನ ಆಸ್ತಿಯ ನಾಲ್ಕನೇ ಒಂದು ಭಾಗ ತೀರಿಹೋದ ಮಗನ ಮಕ್ಕಳಿಗೆ” ಎಂದು ಅಜ್ಜ ಬರೆದಿಟ್ಟಿದ್ದರೆ 6 ಲಕ್ಷ ಆ ಮಕ್ಕಳಿಗೆ ಹೋಗುತ್ತದೆ. ಇದು ಮೂರನೇ ಒಂದು ಭಾಗವಾದ 8 ಲಕ್ಷದ ಒಳಗೇ ಇದೆ. ಮೊಮ್ಮಕ್ಕಳು ಇಲ್ಲಿ ವಾರಸುದಾರರೂ ಅಲ್ಲ. ಹಾಗಾಗಿ ಯಾರ ಒಪ್ಪಿಗೆಯೂ ಬೇಕಿಲ್ಲ. ಉಳಿದ 18 ಲಕ್ಷದಲ್ಲಿ ಪತ್ನಿಗೆ 2 ಲಕ್ಷ 25 ಸಾವಿರ, ಮಗನಿಗೆ 10 ಲಕ್ಷ 50 ಸಾವಿರ, ಮಗಳಿಗೆ 5 ಲಕ್ಷ 25 ಸಾವಿರ. ಯಾರ ಹಕ್ಕೂ ಮುರಿಯಲಿಲ್ಲ; ಎರಡು ಮಕ್ಕಳ ಓದಿಗೆ ದಾರಿಯಾಯಿತು.

ಈಜಿಪ್ಟಿನಲ್ಲಿ 1946ರ ಕಾನೂನು ಇಂಥ ಮೊಮ್ಮಕ್ಕಳಿಗೆ ಕಡ್ಡಾಯ ವಸಿಯ್ಯತ್ತಿನ ವ್ಯವಸ್ಥೆ ಮಾಡಿತು. ಪಾಕಿಸ್ತಾನದಲ್ಲಿ 1961ರ ಸುಗ್ರೀವಾಜ್ಞೆ ಬೇರೆ ರೀತಿಯಲ್ಲಿ ಅವರಿಗೆ ಪಾಲು ಕೊಟ್ಟಿತು. ಭಾರತದ ಮುಸ್ಲಿಮರಿಗೆ ಇಂಥ ಕಾನೂನಿಲ್ಲ. ಇಲ್ಲಿ ಆ ಮಕ್ಕಳ ದಾರಿ ಅಜ್ಜ-ಅಜ್ಜಿಯ ಕೈಯಲ್ಲಿರುವ ಪೆನ್ನಿನಲ್ಲೇ ಇದೆ. ಬದುಕಿರುವ ಗಂಡುಮಕ್ಕಳೂ ಸುಮ್ಮನಿರದೆ, “ಅಬ್ಬಾ, ಅಣ್ಣನ ಮಕ್ಕಳಿಗೆ ಏನಾದರೂ ಬರೆದಿಡಿ” ಎಂದು ತಾವೇ ನೆನಪಿಸುವುದು ಒಳ್ಳೆಯದು.

ಇದೇ ಸಾಲಿನಲ್ಲಿ ಇನ್ನೂ ಕೆಲವರಿದ್ದಾರೆ. ಸಾಕಿ ಬೆಳೆಸಿದ ಮಗುವಿಗೆ ಸಾಕಿದವರ ಆಸ್ತಿಯಲ್ಲಿ ಪಾಲಿಲ್ಲ. ತೀರಿಹೋದ ಮಗಳ ಮಕ್ಕಳಿಗೆ, ಅಜ್ಜನ ಮಕ್ಕಳು ಇರುವಾಗ, ಪಾಲಿಲ್ಲ. ಮುಪ್ಪಿನಲ್ಲಿ ಸೇವೆ ಮಾಡಿದ ಸೊಸೆಗೆ, ಮನೆಗೆಲಸದವರಿಗೆ, ಬೇರೆ ಧರ್ಮದ ಬಂಧುವಿಗೆ ಪಾಲಿಲ್ಲ. ಇವರೆಲ್ಲರಿಗೂ ವಸಿಯ್ಯತ್ ಮಾಡಬಹುದು.

ಮೊತ್ತವನ್ನು ರೂಪಾಯಿಯಲ್ಲಿ ಬರೆಯುವುದಕ್ಕಿಂತ ‘ನಾಲ್ಕನೇ ಒಂದು’, ‘ಹತ್ತನೇ ಒಂದು’ ಎಂದು ಭಾಗದಲ್ಲಿ ಬರೆಯುವುದು ಸುರಕ್ಷಿತ. ಇಂದು ಬರೆದ 6 ಲಕ್ಷ ಹದಿನೈದು ವರ್ಷದ ನಂತರ ಬಹಳ ಕಡಿಮೆಯಾಗಬಹುದು. ಆಸ್ತಿ ಕರಗಿದರೆ ಮಿತಿ ಮೀರಲೂಬಹುದು.

ಮಗನ ದುಡಿಮೆ, ತಂದೆಯ ಹೆಸರಿನ ಜಾಗ

ಕರಾವಳಿಯಲ್ಲೂ ಒಳನಾಡಿನಲ್ಲೂ ಸಾಮಾನ್ಯವಾದ ಒಂದು ವ್ಯವಹಾರವಿದೆ. ಮಗ ಗಲ್ಫ್‌ನಲ್ಲಿ ದುಡಿದು ಹಣ ಕಳಿಸುತ್ತಾನೆ. ಆ ಹಣದಲ್ಲಿ ತಂದೆಯ ಹೆಸರಿನ ಜಾಗದ ಮೇಲೆ ಮನೆಯೋ ಮಾಳಿಗೆಯೋ ಏಳುತ್ತದೆ. ಖಾತಾ ತಂದೆಯ ಹೆಸರಿನಲ್ಲೇ ಉಳಿಯುತ್ತದೆ. ಮಗ ಮೊದಲು ತೀರಿಕೊಂಡರೆ ಅವನ ಪತ್ನಿ ಮತ್ತು ಮಕ್ಕಳಿಗೆ ಆ ಮನೆಯ ಮೇಲೆ ಕಾಗದದಲ್ಲಿ ಯಾವ ಹಕ್ಕೂ ಕಾಣುವುದಿಲ್ಲ.

ಇದನ್ನು ತಂದೆ-ಮಗ ಇಬ್ಬರೂ ಇರುವಾಗಲೇ ಸರಿಪಡಿಸಬೇಕು. ಮಗನ ಹಣ ತಂದೆಗೆ ಕೊಟ್ಟ ಉಡುಗೊರೆಯೋ ಸಾಲವೋ ಮನೆಯಲ್ಲಿ ಅವನ ಪಾಲೋ ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕಬೇಕು. ಸಾಲವಾದರೆ ಹಂಚಿಕೆಗೆ ಮೊದಲೇ ಅದು ತೀರಬೇಕಾದ ಬಾಬ್ತು. ಪಾಲಾದರೆ ಆ ಭಾಗವನ್ನು ಈಗಲೇ ಅವನ ಹೆಸರಿಗೆ ಮಾಡಿಸುವುದು ಉತ್ತಮ. ಬ್ಯಾಂಕಿನ ಮೂಲಕ ಕಳಿಸಿದ ಹಣದ ರಸೀದಿಗಳನ್ನೂ ಎತ್ತಿಡಿ.

ವಿದೇಶದಲ್ಲಿರುವವರು ಊರಿನ ಕೆಲಸಕ್ಕೆ ಅಣ್ಣನಿಗೋ ಭಾವನಿಗೋ ಪವರ್ ಆಫ್ ಅಟಾರ್ನಿ ಕೊಟ್ಟು, “ಎಲ್ಲ ವ್ಯವಸ್ಥೆ ಆಗಿದೆ” ಎಂದುಕೊಂಡಿರುತ್ತಾರೆ. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ. ಅದು ವಸಿಯ್ಯತ್‌ಗೆ ಬದಲಿ ಅಲ್ಲ.

ಚಿಕ್ಕ ಮಕ್ಕಳ ಆಸ್ತಿಗೆ ಯಾರು?

ಈ ವಿಷಯವನ್ನು ಚಿಕ್ಕ ಮಕ್ಕಳಿರುವ ಪ್ರತಿಯೊಬ್ಬ ತಂದೆಯೂ ಗಮನವಿಟ್ಟು ಓದಬೇಕು. ತಂದೆ ತೀರಿಕೊಂಡರೆ ತಾಯಿಯೇ ಮಕ್ಕಳ ಎಲ್ಲದಕ್ಕೂ ಹಕ್ಕುದಾರಳು ಎಂದು ನಾವು ತಿಳಿದಿರುತ್ತೇವೆ. ಮಗುವನ್ನು ಸಾಕಿ ಸಲಹುವ ಹಕ್ಕು ಬೇರೆ, ಮಗುವಿನ ಆಸ್ತಿಯನ್ನು ನಿರ್ವಹಿಸುವ ಅಧಿಕಾರ ಬೇರೆ. ಭಾರತದ ನ್ಯಾಯಾಲಯಗಳು ಅನುಸರಿಸುವ ಮುಸ್ಲಿಂ ಕಾನೂನಿನಲ್ಲಿ ಅಪ್ರಾಪ್ತ ಮಗುವಿನ ಆಸ್ತಿಗೆ ಮೊದಲ ರಕ್ಷಕ ತಂದೆ. ನಂತರ ತಂದೆ ವಸಿಯ್ಯತ್‌ನಲ್ಲಿ ನೇಮಿಸಿದ ವ್ಯಕ್ತಿ, ನಂತರ ತಂದೆಯ ತಂದೆ, ಅವರ ನಂತರ ಅವರು ನೇಮಿಸಿದ ವ್ಯಕ್ತಿ. ತಾಯಿಯ ಹೆಸರು ಈ ಪಟ್ಟಿಯಲ್ಲಿ ತಾನಾಗಿ ಬರುವುದಿಲ್ಲ. ಅಣ್ಣ, ಚಿಕ್ಕಪ್ಪ, ಸೋದರಮಾವನ ಹೆಸರೂ ಬರುವುದಿಲ್ಲ.

ಅಧಿಕಾರವಿಲ್ಲದವರು ಮಗುವಿನ ಸ್ಥಿರಾಸ್ತಿಯನ್ನು ಮಾರಿದರೆ ಆ ಮಾರಾಟ ನಿಲ್ಲುವುದಿಲ್ಲ. ತಾಯಿ ಮಕ್ಕಳ ಪಾಲನ್ನು ಮಾರಿದ ಇಂಥ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆಯೇ ತೀರ್ಪು ಕೊಟ್ಟಿದೆ. ತಾಯಿಗೆ ಅಧಿಕಾರ ಬೇಕಾದರೆ 1890ರ ಪೋಷಕರು ಮತ್ತು ಪೋಷಿತರ ಕಾಯ್ದೆಯಂತೆ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಹಾಗೆ ನೇಮಕವಾದ ಮೇಲೂ ಸ್ಥಿರಾಸ್ತಿ ಮಾರಲು ನ್ಯಾಯಾಲಯದ ಅನುಮತಿ ಬೇಕು. ಇದಕ್ಕೆ ಸಮಯವೂ ಹಣವೂ ಖರ್ಚಾಗುತ್ತದೆ.

ಪರಿಹಾರ ತಂದೆಯ ಕೈಯಲ್ಲೇ ಇದೆ. ತಂದೆ ತನ್ನ ವಸಿಯ್ಯತ್‌ನಲ್ಲಿ ಪತ್ನಿಯನ್ನೇ ‘ವಸೀ’ ಆಗಿ, ಅಂದರೆ ವಸಿಯ್ಯತ್ ಜಾರಿಗೆ ತರುವವಳಾಗಿ ಮತ್ತು ಮಕ್ಕಳ ಆಸ್ತಿಯ ರಕ್ಷಕಳಾಗಿ ನೇಮಿಸಬಹುದು. “ನನ್ನ ಅಪ್ರಾಪ್ತ ಮಕ್ಕಳ ಆಸ್ತಿಗೆ ನನ್ನ ಪತ್ನಿಯನ್ನು ರಕ್ಷಕಳಾಗಿ ನೇಮಿಸಿದ್ದೇನೆ, ಆಕೆಗೆ ಸಾಧ್ಯವಾಗದಿದ್ದರೆ ಇಂಥವರನ್ನು” ಎಂಬ ಒಂದು ವಾಕ್ಯ ಸಾಕು. ಹೀಗೆ ನೇಮಕವಾದವರಿಗೂ ಮಗುವಿನ ಆಸ್ತಿಯನ್ನು ಇಷ್ಟಬಂದಂತೆ ಮಾರುವ ಸ್ವಾತಂತ್ರ್ಯವಿಲ್ಲ. ಮಗುವಿನ ಅಗತ್ಯ ಅಥವಾ ಸ್ಪಷ್ಟ ಲಾಭಕ್ಕೆ ಮಾತ್ರ. ಶಾಫಿಈ ಮಝ್‌ಹಬ್‌ನಲ್ಲಿ ಅಜ್ಜನ ಸ್ಥಾನದ ಬಗ್ಗೆ ವ್ಯತ್ಯಾಸವಿರುವುದರಿಂದ ಆ ಮಝ್‌ಹಬ್‌ನವರು ತಮ್ಮ ಉಲಮಾಗಳನ್ನು ಕೇಳಿ ಬರೆಯಿರಿ.

ಸಾಲ, ಅಮಾನತು, ಮಹರ್

ವ್ಯಾಪಾರದಲ್ಲಿ ಬಾಯಿಮಾತಿನ ಲೇವಾದೇವಿ ಹೆಚ್ಚು. ಕೊಡಬೇಕಾದದ್ದನ್ನು ಕೇಳಲು ಜನ ಬರುತ್ತಾರೆ. ಬರಬೇಕಾದದ್ದು ಯಾರ ಬಳಿ ಇದೆಯೆಂದು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಆದ್ದರಿಂದ ಎರಡು ಪಟ್ಟಿ ಮಾಡಿ: ನಾನು ಕೊಡಬೇಕಾದದ್ದು, ನನಗೆ ಬರಬೇಕಾದದ್ದು. ಹೆಸರು, ಮೊತ್ತ, ತಾರೀಕು ಬರೆಯಿರಿ. ಯಾರಾದರೂ ಇಟ್ಟಿರುವ ಅಮಾನತು, ಚೀಟಿ ಹಣ, ಮಸೀದಿ ಅಥವಾ ಸಂಘದ ಹಣ ನಿಮ್ಮ ಖಾತೆಯಲ್ಲಿದ್ದರೆ ಅದನ್ನು ಪ್ರತ್ಯೇಕವಾಗಿ ಬರೆಯಲೇಬೇಕು. ಇಲ್ಲದಿದ್ದರೆ ಬೇರೆಯವರ ಹಣ ನಿಮ್ಮ ಮಕ್ಕಳ ಪಾಲಿನಲ್ಲಿ ಸೇರಿಹೋಗುತ್ತದೆ. ಬಾಕಿಯಿರುವ ಝಕಾತ್, ಮಾಡದೆ ಉಳಿದ ಫರ್ಝ್ ಹಜ್ಜ್ ಬಗ್ಗೆಯೂ ಬರೆದಿಡಿ.

ಮಹರ್ ಕೊಟ್ಟಾಗಿದೆಯೇ ಇಲ್ಲವೇ ಎಂಬ ಒಂದು ಸಾಲು ನಿಮ್ಮ ಪತ್ನಿಗೆ ದೊಡ್ಡ ಆಸರೆ. ನಿಕಾಹ್ ಪತ್ರದ ನಕಲನ್ನು ಜೊತೆಗಿಡಿ. ಪತ್ನಿಯ ಒಡವೆ ಪತ್ನಿಯದೇ. ಅದನ್ನು ಗಂಡನ ಆಸ್ತಿಯ ಲೆಕ್ಕಕ್ಕೆ ಸೇರಿಸಬಾರದು. ಅಂಗಡಿಗಾಗಿ ಒಡವೆ ಅಡವಿಟ್ಟಿದ್ದರೆ ಅದನ್ನೂ ಪಟ್ಟಿಯಲ್ಲಿ ನಮೂದಿಸಿ.

ನಾಮಿನಿ ಎಂದರೆ ಒಡೆಯ ಅಲ್ಲ

ಬ್ಯಾಂಕಿನಲ್ಲಿ ನಾಮಿನಿ ಹೆಸರು ಕೊಟ್ಟಿದ್ದೇನೆ, ಸಾಕು ಎನ್ನುವವರು ಬಹಳ. ಸಾಮಾನ್ಯ ನಿಯಮ ಏನೆಂದರೆ, ನಾಮಿನಿ ಹಣವನ್ನು ಪಡೆದು ವಾರಸುದಾರರಿಗೆ ತಲುಪಿಸಬೇಕಾದ ವ್ಯಕ್ತಿ. ಜೀವವಿಮೆಯ ಬಗ್ಗೆ 1983ರಲ್ಲಿ, ಷೇರುಗಳ ಬಗ್ಗೆ 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. 2015ರ ತಿದ್ದುಪಡಿಯ ನಂತರ, ತಂದೆ-ತಾಯಿ, ಪತಿ-ಪತ್ನಿ ಅಥವಾ ಮಕ್ಕಳನ್ನು ನಾಮಿನಿ ಮಾಡಿದ ವಿಮೆಗೆ ಪ್ರತ್ಯೇಕ ನಿಯಮ ಬಂದಿದೆ. ಅಂಥ ಪಾಲಿಸಿ ಇದ್ದರೆ ವಕೀಲರನ್ನು ಕೇಳಿ.

ಹಾಗೆಂದು ನಾಮಿನಿ ಹೆಸರು ಕೊಡದೆ ಇರಬೇಡಿ. ನಾಮಿನಿ ಇದ್ದರೆ ಹಣ ಬೇಗ ಕೈಗೆ ಬರುತ್ತದೆ, ಮನೆಯ ತಕ್ಷಣದ ಖರ್ಚಿಗೆ ತೊಂದರೆಯಾಗುವುದಿಲ್ಲ. ಮದುವೆಗೆ ಮೊದಲು ತೆರೆದ ಖಾತೆಗಳಲ್ಲಿ ಯಾರ ಹೆಸರಿದೆ ಎಂದು ಒಮ್ಮೆ ನೋಡಿ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ವಾರಸುದಾರರು ಆಮೇಲೂ ತಮ್ಮ ಬ್ಯಾಂಕಿನ ಮೂಲಕ ಅದನ್ನು ಕೇಳಿ ಪಡೆಯಬಹುದು. ಮನೆಯಲ್ಲಿ ಹಿರಿಯರು ತೀರಿಹೋಗಿದ್ದರೆ, 2023ರಲ್ಲಿ ರಿಸರ್ವ್ ಬ್ಯಾಂಕ್ ಶುರುಮಾಡಿದ ‘ಉದ್ಗಮ್’ ಜಾಲತಾಣದಲ್ಲಿ ಅವರ ಹೆಸರಿನಲ್ಲಿ ಠೇವಣಿ ಇದೆಯೇ ಎಂದು ಹುಡುಕಿ ನೋಡಿ.

ಬದುಕಿರುವಾಗಲೇ ಕೊಡುವುದು: ಹಿಬಾ

ಇಬ್ಬರು ಹೆಣ್ಣುಮಕ್ಕಳು ಮಾತ್ರ ಇರುವ ತಂದೆ ತೀರಿಕೊಂಡರೆ, ಪತ್ನಿಗೆ ಎಂಟನೇ ಒಂದು, ಹೆಣ್ಣುಮಕ್ಕಳಿಗೆ ಒಟ್ಟು ಮೂರನೇ ಎರಡು ಭಾಗ ಬರುತ್ತದೆ. ಆ ತಂದೆಗೆ ತಂದೆ-ತಾಯಿ ಇಲ್ಲದೆ ಒಬ್ಬ ಸಹೋದರನಿದ್ದರೆ, 24 ಭಾಗದಲ್ಲಿ ಉಳಿದ 5 ಭಾಗ ಅವನಿಗೆ. ಇರುವ ಒಂದೇ ಮನೆ ಹೆಂಡತಿ-ಮಕ್ಕಳಿಗೇ ಉಳಿಯಲಿ ಎಂದು ಬಯಸುವ ತಂದೆ ವಸಿಯ್ಯತ್ ಬರೆದರೆ ಪ್ರಯೋಜನವಿಲ್ಲ, ಅವರು ವಾರಸುದಾರರು. ಅಂಥವರಿಗೆ ಇರುವ ದಾರಿ ಹಿಬಾ, ಅಂದರೆ ಬದುಕಿರುವಾಗಲೇ ಕೊಡುವ ದಾನ.

ಹಿಬಾಕ್ಕೆ ಮೂರು ಅಂಶ ಬೇಕು: ಕೊಟ್ಟೆ ಎಂಬ ಸ್ಪಷ್ಟ ಮಾತು, ಪಡೆದೆ ಎಂಬ ಒಪ್ಪಿಗೆ, ಮತ್ತು ಸ್ವಾಧೀನವನ್ನು ಬಿಟ್ಟುಕೊಡುವುದು. ಮೂರನೇ ಒಂದು ಭಾಗದ ಮಿತಿ ಇದಕ್ಕಿಲ್ಲ. ಆದರೆ ಕೊಟ್ಟ ಮೇಲೆ ಅದು ನಿಮ್ಮದಲ್ಲ. “ನಾನು ಸತ್ತ ಮೇಲೆ ನಿನಗೆ” ಎಂದು ಬರೆದರೆ ಅದು ಹಿಬಾ ಆಗುವುದಿಲ್ಲ. ಸಾವಿಗೆ ಕಾರಣವಾದ ಕೊನೆಯ ಕಾಯಿಲೆಯಲ್ಲಿ ಮಾಡಿದ ಹಿಬಾಕ್ಕೆ ವಸಿಯ್ಯತ್‌ನ ಮಿತಿಗಳೇ ಅನ್ವಯ. ಬಾಯಿಮಾತಿನ ಹಿಬಾ ಕಾನೂನಿನಲ್ಲಿ ನಿಲ್ಲುತ್ತದಾದರೂ, ಖಾತಾ ಬದಲಾವಣೆಗೆ ನೋಂದಾಯಿತ ದಾನಪತ್ರವಿದ್ದರೆ ಅಲೆದಾಟ ತಪ್ಪುತ್ತದೆ. ಹತ್ತಿರದ ಬಂಧುಗಳಿಗೆ ಮಾಡುವ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿಯೂ ಇದೆ.

ಒಂದು ಎಚ್ಚರಿಕೆ. ಮಕ್ಕಳಿಗೆ ಕೊಡುವಾಗ ಅವರ ನಡುವೆ ನ್ಯಾಯ ಪಾಲಿಸಬೇಕೆಂದು ಪ್ರವಾದಿ(ಸ) ಆದೇಶಿಸಿದ್ದಾರೆ. ಹೆಣ್ಣುಮಕ್ಕಳ ಪಾಲು ತಪ್ಪಿಸಲು ಗಂಡುಮಕ್ಕಳ ಹೆಸರಿಗೆ ಹಿಬಾ ಮಾಡುವುದು, ಅಕ್ಕ-ತಂಗಿಯರ ಮೇಲೆ ಒತ್ತಡ ಹಾಕಿ ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೊಳ್ಳುವುದು ಕುಟುಂಬದ ರಕ್ಷಣೆಯಲ್ಲ. ಒಂದು ಮನೆಗೆ ಕೊಟ್ಟು ಇನ್ನೊಂದು ಮನೆಯ ಮಕ್ಕಳನ್ನು ಬಡವರನ್ನಾಗಿ ಮಾಡಿದಂತಾಗುತ್ತದೆ.

ಬರೆಯುವುದು ಹೇಗೆ?

ಬೇರೆಯವರ ಉಯಿಲಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹೇಳುವ ಇಬ್ಬರು ಸಾಕ್ಷಿಗಳ ಷರತ್ತು ಮುಸ್ಲಿಮರ ವಸಿಯ್ಯತ್‌ಗೆ ಕಡ್ಡಾಯವಲ್ಲ. ಬಾಯಿಮಾತಿನ ವಸಿಯ್ಯತ್ ಕೂಡ ಸಿಂಧು. ಆದರೆ ಅದನ್ನು ಸಾಬೀತು ಮಾಡುವುದು ಬಹಳ ಕಷ್ಟ. ಹಾಗಾಗಿ ಈ ಕ್ರಮ ಅನುಸರಿಸಿ:

- 18 ವರ್ಷ ತುಂಬಿದ, ಸ್ವಸ್ಥ ಬುದ್ಧಿಯ ಯಾರೂ ಬರೆಯಬಹುದು. ಹೆಂಗಸರೂ ತಮ್ಮ ಒಡವೆ, ಹಣ, ಜಮೀನಿಗೆ ಬರೆಯಬಹುದು.
- ನಿಮಗೆ ಓದಲು ಬರುವ ಭಾಷೆಯಲ್ಲೇ ಬರೆಯಿರಿ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಕಿಲ್ಲ.
- ಪ್ರತಿ ಪುಟಕ್ಕೂ ಸಹಿ ಹಾಕಿ, ತಾರೀಕು ಬರೆಯಿರಿ. ವಾರಸುದಾರರೂ ಫಲಾನುಭವಿಗಳೂ ಅಲ್ಲದ ಇಬ್ಬರಿಂದ ಸಾಕ್ಷಿ ಸಹಿ ಪಡೆಯಿರಿ.
- ವಯಸ್ಸಾದವರು, ಕಾಯಿಲೆಯವರು ವೈದ್ಯರಿಂದ ಅದೇ ದಿನದ ಪ್ರಮಾಣಪತ್ರ ಪಡೆದಿಟ್ಟರೆ ನಂತರ ತಕರಾರು ಕಡಿಮೆ.
- ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸುವುದು ಒಳ್ಳೆಯದು. ಇದಕ್ಕೆ ಕಾಲಮಿತಿ ಇಲ್ಲ. ನೋಂದಾಯಿತ ವಸಿಯ್ಯತ್‌ನ ನಕಲನ್ನು ನೀವು ಬದುಕಿರುವವರೆಗೆ ನಿಮಗೆ ಅಥವಾ ನಿಮ್ಮ ಪ್ರತಿನಿಧಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ.
- ಯಾವಾಗ ಬೇಕಾದರೂ ಬದಲಿಸಬಹುದು, ರದ್ದು ಮಾಡಬಹುದು. ಮದುವೆ, ತಲಾಕ್, ಮಗುವಿನ ಜನನ, ಮನೆಯಲ್ಲಿ ಸಾವು, ಆಸ್ತಿ ಮಾರಾಟ ಆದಾಗ ಮತ್ತೆ ಓದಿ ನೋಡಿ.

ಕೃಷಿ ಜಮೀನು ಇರುವವರು, ವಿಶೇಷವಾಗಿ ಭೂಸುಧಾರಣೆಯಲ್ಲಿ ಅಥವಾ ಸರ್ಕಾರದ ಮಂಜೂರಾತಿಯಲ್ಲಿ ಜಮೀನು ಪಡೆದವರು, ವಕೀಲರನ್ನು ಕೇಳದೆ ಬರೆಯಬೇಡಿ. ಅಂಥ ಜಮೀನಿಗೆ ಬೇರೆ ನಿಬಂಧನೆಗಳಿವೆ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೂ ವಾರಸು ನಿಯಮ ಬೇರೆ.

ಒಂದು ಮಾದರಿಯನ್ನು ಕೆಳಗೆ ಕೊಟ್ಟಿದ್ದೇವೆ. ನಿಮ್ಮ ಮನೆಗೆ ತಕ್ಕಂತೆ ಬದಲಿಸಿ, ಒಬ್ಬ ಆಲಿಮರಿಗೂ ಒಬ್ಬ ವಕೀಲರಿಗೂ ತೋರಿಸಿ.

“ನಾನು ………, ವಯಸ್ಸು ………, ವಾಸ ………, ಪೂರ್ಣ ಪ್ರಜ್ಞೆಯಿಂದ, ಯಾರ ಒತ್ತಾಯವೂ ಇಲ್ಲದೆ ಈ ವಸಿಯ್ಯತ್ ಬರೆದಿದ್ದೇನೆ. ಇದಕ್ಕೆ ಹಿಂದೆ ಮಾಡಿದ್ದ ಎಲ್ಲ ವಸಿಯ್ಯತ್‌ಗಳನ್ನು ರದ್ದುಪಡಿಸಿದ್ದೇನೆ. ನನ್ನ ಆಸ್ತಿ, ಕೊಡಬೇಕಾದ ಸಾಲ, ಬರಬೇಕಾದ ಹಣ, ನನ್ನ ಬಳಿಯಿರುವ ಅಮಾನತುಗಳ ಪಟ್ಟಿಯನ್ನು ಜೊತೆಗಿಟ್ಟಿದ್ದೇನೆ. ನನ್ನ ಪತ್ನಿಯ ಮಹರ್ ……… ಬಾಕಿ ಇದೆ / ಸಂದಿದೆ. ಮೊದಲು ನನ್ನ ಕಫನ್-ದಫನ್ ಸರಳವಾಗಿ ಮಾಡಿ, ಸಾಲಗಳನ್ನು ತೀರಿಸಿ. ಉಳಿದುದರ ……ನೇ ಒಂದು ಭಾಗವನ್ನು ………ಗೆ ಕೊಡಿ. ಮಿಕ್ಕಿದ್ದನ್ನು ನನ್ನ ವಾರಸುದಾರರಿಗೆ ಶರೀಅತ್ ಪ್ರಕಾರ ಹಂಚಿ. ನನ್ನ ಅಪ್ರಾಪ್ತ ಮಕ್ಕಳ ಆಸ್ತಿಗೆ ………ರನ್ನು, ಅವರಿಗೆ ಆಗದಿದ್ದರೆ ………ರನ್ನು ರಕ್ಷಕರಾಗಿ ನೇಮಿಸಿದ್ದೇನೆ. ಈ ವಸಿಯ್ಯತ್ ಜಾರಿಗೆ ತರುವ ಹೊಣೆ ………ರದು.”

ದಾನಿಗಳಿಗೆ ಒಂದು ಮಾತು

ಸದಖಾ ಜಾರಿಯಾ ಉದ್ದೇಶದಿಂದ ತಮ್ಮ ಆಸ್ತಿಯಲ್ಲಿ ಒಂದು ಭಾಗವನ್ನು ವಿದ್ಯೆಯ ಕೆಲಸಕ್ಕೆ ಬರೆದಿಡಬೇಕೆಂಬ ಆಸೆ ಹಲವು ದಾನಿಗಳಿಗೆ ಇರುತ್ತದೆ. ಅದು ಒಳ್ಳೆಯ ಆಸೆ, ಮೂರನೇ ಒಂದು ಭಾಗದೊಳಗೆ ಅದಕ್ಕೆ ಅವಕಾಶವೂ ಇದೆ. ಆದರೆ ಟ್ರಸ್ಟಿನ ಹೆಸರು ಬರೆಯುವ ಮೊದಲು ನಿಮ್ಮದೇ ಕುಟುಂಬದಲ್ಲಿ ಪಾಲಿಲ್ಲದ ಯತೀಮರು, ವಿಧವೆಯರು, ಕೈಲಾಗದ ಬಂಧುಗಳು ಇದ್ದಾರೆಯೇ ಎಂದು ನೋಡಿ. ಇದ್ದರೆ ಮೊದಲು ಅವರ ಹೆಸರು ಬರೆಯಿರಿ. ನಿಮ್ಮ ಮೊಮ್ಮಗು ನಾಳೆ ನಮ್ಮ ಬಳಿ ಅರ್ಜಿ ಹಿಡಿದು ಬರಬೇಕಾದ ಸ್ಥಿತಿ ತಪ್ಪಿದರೆ, ಅದೂ ವಿದ್ಯೆಗೆ ಕೊಟ್ಟ ದಾನವೇ.

ಪಾಲಕರಿಗೆ ಒಂದು ಮಾತು

“ನಮ್ಮ ಬಳಿ ಏನಿದೆ ಬರೆಯಲು?” ಎನ್ನಬೇಡಿ. ಬಾಡಿಗೆ ಮನೆಯವರಿಗೂ ಮುಂಗಡ ಹಣ, ಭವಿಷ್ಯ ನಿಧಿ, ವಿಮೆ, ಆಟೋ, ಹೊಲಿಗೆ ಯಂತ್ರ, ಚೀಟಿ, ಸಾಲ ಇರುತ್ತದೆ; ಮಕ್ಕಳಂತೂ ಇದ್ದೇ ಇರುತ್ತಾರೆ. ಒಂದು ಕವರಿನಲ್ಲಿ ನಿಕಾಹ್ ಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು, ಮನೆ ಅಥವಾ ಜಾಗದ ಕಾಗದ, ವಿಮೆಯ ಪತ್ರ ಹಾಕಿಡಿ. ಅದು ಎಲ್ಲಿದೆ ಎಂದು ಪತಿ-ಪತ್ನಿ ಇಬ್ಬರಿಗೂ ಗೊತ್ತಿರಲಿ.

ಈಗಾಗಲೇ ಮನೆಯ ಯಜಮಾನರನ್ನು ಕಳೆದುಕೊಂಡ ತಾಯಂದಿರಿಗೆ: ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ತಡವಾಗಿದ್ದರೂ ನೋಂದಣಿಗೆ ದಾರಿಯಿದೆ, ಬಿಡಬೇಡಿ. ಮರಣ ಪ್ರಮಾಣಪತ್ರದ ಹಲವು ಪ್ರತಿಗಳನ್ನು ತೆಗೆದಿಟ್ಟುಕೊಳ್ಳಿ. ವಂಶವೃಕ್ಷ ಮಾಡಿಸಿ, ಜಮೀನಿದ್ದರೆ ಪೌತಿ ಖಾತೆಗೆ ಅರ್ಜಿ ಕೊಡಿ. ಮಹರ್ ಬಾಕಿಯಿದ್ದರೆ ಹಂಚಿಕೆಗೆ ಮೊದಲೇ ಹೇಳಿ. ಅದು ಕೇಳಬಾರದ ಮಾತಲ್ಲ, ನಿಮ್ಮ ಹಕ್ಕು. ಓದಿ ತಿಳಿಯದ ಯಾವ ಕಾಗದಕ್ಕೂ, ಅದನ್ನು ತಂದವರು ಎಷ್ಟೇ ಹತ್ತಿರದವರಾಗಿರಲಿ, ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿ. ಮೊದಲು ತಿಳಿದವರೊಬ್ಬರಿಂದ ಓದಿಸಿಕೊಳ್ಳಿ.

ವಸಿಯ್ಯತ್ ಬರೆದರೆ ಸಾವು ಬೇಗ ಬರುವುದಿಲ್ಲ, ಬರೆಯದಿದ್ದರೆ ತಡವಾಗಿಯೂ ಬರುವುದಿಲ್ಲ. ಮುಂದಿನ ಜುಮಾಕ್ಕೆ ಮೊದಲು ಸಾಲದ ಪಟ್ಟಿ, ಆಸ್ತಿಯ ಪಟ್ಟಿ ಎರಡನ್ನಾದರೂ ಬರೆದು ಮುಗಿಸಿ. ಉಳಿದದ್ದನ್ನು ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಮನೆಯವರೊಡನೆ ಕುಳಿತು ತೀರ್ಮಾನಿಸಿ. ನಮ್ಮ ಮಕ್ಕಳ ಹಕ್ಕುಗಳನ್ನು ಕಾಯುವ ಬುದ್ಧಿಯನ್ನೂ ಬೇರೆಯವರ ಹಕ್ಕುಗಳನ್ನು ತೀರಿಸುವ ಶಕ್ತಿಯನ್ನೂ ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.